ಚೊಚ್ಚಲ ಬಾಣಂತನ

ವಿಮಾನದಲ್ಲಿದ್ದ ಮಕ್ಕಳೆಲ್ಲ ಅತ್ತವು, ಮಹಾಂತಮ್ಮನ ಮೊಮ್ಮಗಳು ಮಾತ್ರ ಅಳಲಿಲ್ಲ. ಮುಂಬೈಯಲ್ಲಿ ಕಣ್ಣು ಮುಚ್ಚಿದ್ದು ಮ್ಯೂನಿಕ್ಕಿನಲ್ಲಿ ಗಾಲಿ ನೆಲಕ್ಕೆ ತಾಗಿದಾಗಲೂ ತೆರೆಯಲಿಲ್ಲ. ಹಿಂದಿನ ಸೀಟಿನ ಗುಜರಾತಿ ಹೆಂಗಸು ರಚ್ಚೆ ಹಿಡಿದ ತನ್ನ ಮಗನನ್ನು ತೊಡೆಯ ಮೇಲೆ ಕುಣಿಸಿ ಕುಣಿಸಿ ಸುಸ್ತಾಗಿ, ಇಂಥ ಮಗುವನ್ನು ಪಡೆಯಲು ಏನು ಪುಣ್ಯ ಮಾಡಿದ್ದಿರಿ ಎಂದು ಹಿಂದಿಯಲ್ಲಿ ಕೇಳಿದಳು. ಮಹಾಂತಮ್ಮನಿಗೆ ಹಿಂದಿ ಬಾರದು. ಆದರೆ ಹೊಗಳಿಕೆ ಯಾವ ಭಾಷೆಯಲ್ಲಿದ್ದರೂ ಆಕೆಗೆ ತಿಳಿಯುತ್ತಿತ್ತು. ಸೆರಗು ಸರಿಮಾಡಿಕೊಂಡು, ಪಕ್ಕದಲ್ಲಿದ್ದ ಮಗಳು ಕೀರ್ತಿಯ ಕಡೆ ತಿರುಗಿ, "ನೋಡಿದೇನ" ಎಂದು ಹುಬ್ಬು ಹಾರಿಸಿದಳು.

ಹುಬ್ಬು ಹಾರಿಸುವುದಕ್ಕೆ ಕಾರಣವಿತ್ತು. ಗುಳೇದಗುಡ್ಡದಲ್ಲಿ ಮಹಾಂತಮ್ಮನ ಬಾಣಂತನವೆಂದರೆ ಹೆಸರುವಾಸಿ. ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಮೊದಲು ಕರೆ ಬರುತ್ತಿದ್ದುದು ಆಕೆಗೇ. ಕೂಸಿಗೆ ಎಣ್ಣೆ ತಿಕ್ಕಿ, ಕಾಲಮೇಲೆ ಹಾಕಿಕೊಂಡು ಬಿಸಿನೀರು ಎರೆದು, ಲೋಬಾನದ ಹೊಗೆ ಕೊಟ್ಟು, ಕುಂಚಿಗೆ ಕಟ್ಟಿ ಮಲಗಿಸಿದಳೆಂದರೆ ಎಂಥ ತಂಟೆಕೋರ ಕೂಸೂ ತೆಪ್ಪಗಾಗುತ್ತಿತ್ತು. ಬಾಣಂತಿಗೆ ಅಳವಿ ಪಾಯಸ, ಅಂಟಿನುಂಡಿ, ಹೊರಸಿನ ಕೆಳಗೆ ಕುಳ್ಳಿನ ಕೆಂಡ, ಒಂದೂ ತಪ್ಪುವಂತಿಲ್ಲ. ಡಾಕ್ಟರು ಹೇಳಿದ್ದಕ್ಕಿಂತ ಆಕೆ ಹೇಳಿದ್ದೇ ಹೆಚ್ಚು ನಡೆಯುತ್ತಿತ್ತು, ಅದನ್ನು ಆಕೆ ಬಚ್ಚಿಟ್ಟುಕೊಳ್ಳುತ್ತಲೂ ಇರಲಿಲ್ಲ.

ಹೀಗಿರುವಾಗ ಹೊಟ್ಟೆಯ ಮಗಳೇ ಪರದೇಶದಲ್ಲಿ ಹೆರುತ್ತೇನೆಂದರೆ ಸುಮ್ಮನಿರುತ್ತಾಳೆಯೇ? ಅಳಿಯ ಸುನಿಲಕುಮಾರ, ಜರ್ಮನಿಯವರು ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಅಲ್ಲಿಗೆ ಹೋಗಿದ್ದ. ಗ್ರೀನ್ ಕಾರ್ಡ್ ಎಂದೊಡನೆ ಊರವರೆಲ್ಲ ಅಮೆರಿಕ ಎಂದುಕೊಂಡು ಅಭಿನಂದಿಸಿದ್ದರು, ತಿದ್ದಿ ತಿದ್ದಿ ಮಹಾಂತಮ್ಮನ ಗಂಡ ನಿಜಲಿಂಗಪ್ಪನಿಗೆ ಸಾಕಾಗಿತ್ತು. ಇಂಗೋಲ್‌ಸ್ಟಾಟ್ ಎಂಬ ಊರಿನಲ್ಲಿ ಕಾರಿನ ಇಂಜಿನ್ನಿಗೆ ಪ್ರೋಗ್ರಾಂ ಬರೆಯುವ ಕೆಲಸ. ಹಿಂದೆಯೇ ಕೀರ್ತಿಯೂ ಹೋದಳು, ಬಸುರಿಯಾದಳು, ಅಲ್ಲಿಯ ಆಸ್ಪತ್ರೆಯಲ್ಲಿ ಹೆಸರು ಬರೆಸಿದಳು. ಖರ್ಚನ್ನೆಲ್ಲ ಕ್ರಾಂಕೆನ್‌ಕಾಸೆ, ಅಂದರೆ ಅಲ್ಲಿನ ಆರೋಗ್ಯ ವಿಮೆಯವರು, ನೋಡಿಕೊಳ್ಳುತ್ತಾರೆಂದು ಫೋನಿನಲ್ಲಿ ಹೇಳಿದಳು.

"ಕಾಸೇನು ಬೆನ್ನಿಗೆ ಬಿಸಿನೀರ ಹಾಕತೈತೇನ?" ಎಂದು ಮಹಾಂತಮ್ಮ ಫೋನಿನಲ್ಲೇ ಅಬ್ಬರಿಸಿದಳು. "ಚೊಚ್ಚಲ ಹೆರಗಿ ತವರಮನ್ಯಾಗ ಆಗಬೇಕು. ಊರ ಮಂದೀದೆಲ್ಲ ಬಾಣಂತನಾ ಮಾಡಿದ್ಲು, ತನ್ನ ಮಗಳದ ಮಾಡಲಿಲ್ಲ ಅಂತ ನಾಳೆ ನನ್ನ ಮಾರಿಮ್ಯಾಲೆ ಉಗಳತಾರ."

"ಯವ್ವಾ, ಇಲ್ಲೆ ಎಲ್ಲಾ ಛಲೋ ನೋಡ್ತಾರ. ನಾ ಬರೂದಿಲ್ಲ."

ಮಹಾಂತಮ್ಮ ಊಟ ಬಿಟ್ಟಳು. ಸುಮ್ಮನೆ ಬೆದರಿಕೆಗಲ್ಲ, ನಿಜವಾಗಿಯೂ ಬಿಟ್ಟಳು. ನಿಜಲಿಂಗಪ್ಪ ಗಾಬರಿಯಾಗಿ ಅಳಿಯನಿಗೆ ಫೋನ್ ಮಾಡಿದರು. ಅಳಿಯ ಸಾಧು ಮನುಷ್ಯ, ಹಿರಿಯರ ಮಾತು ಯಾಕೆ ಮೀರಬೇಕೆಂದು ಹೆಂಡತಿಗೆ ಟಿಕೆಟ್ ತೆಗೆಸಿದ. ಕುಬಸದ, ಅಂದರೆ ಸೀಮಂತದ, ಹೊತ್ತಿಗೆ ಕೀರ್ತಿ ಊರಲ್ಲಿದ್ದಳು, ಮಹಾಂತಮ್ಮ ಗೆದ್ದಿದ್ದಳು. ಬಾಗಲಕೋಟೆಯ ನರ್ಸಿಂಗ್ ಹೋಮಿನಲ್ಲಿ ಸುಸೂತ್ರವಾಗಿ ಹೆರಿಗೆಯಾಯಿತು. ಹೆಣ್ಣು ಕೂಸು, ತುಂಬು ತೂಕ, ನೆತ್ತಿಯ ತುಂಬ ಕೂದಲು. ಭೂಮಿಕಾ ಎಂದು ಹೆಸರಿಟ್ಟರು. ಅಯ್ಯನವರು ಬಂದು ಲಿಂಗ ಕಟ್ಟಿದಾಗಲೂ ಕೂಸು ಪಿಳಿಪಿಳಿ ನೋಡುತ್ತ ಮಲಗಿತ್ತು. "ಶರಣರ ಕಳಾ ಐತಿ" ಎಂದರು ಅವರು. ಅಂದಿನಿಂದ ಓಣಿಯಲ್ಲಿ ಯಾವ ಕೂಸು ಅತ್ತರೂ, ಮಹಾಂತಮ್ಮನ ಮೊಮ್ಮಗಳನ್ನು ನೋಡಿ ಕಲಿ ಎಂದು ತಾಯಂದಿರು ಬೈಯುವ ರೂಢಿಯಾಯಿತು.

ಪಾಸ್‌ಪೋರ್ಟು, ವೀಸಾ, ಮದರಾಸಿನ ಜರ್ಮನ್ ಕಚೇರಿಗೆ ಓಡಾಟ, ನಡುವೆ ಎಳೆಗೂಸನ್ನು ವಿಮಾನಕ್ಕೆ ಹತ್ತಿಸುವುದು ಬೇಡವೆಂಬ ಮಹಾಂತಮ್ಮನ ಹಟ, ಎಲ್ಲ ಸೇರಿ ಕೂಸು ಅಪ್ಪನ ಮುಖ ನೋಡುವ ಹೊತ್ತಿಗೆ ಹತ್ತು ತಿಂಗಳು ದಾಟಿತ್ತು. ಮೂರು ತಿಂಗಳ ವೀಸಾದ ಮೇಲೆ ಅಜ್ಜಿಯೂ ಜೊತೆಗೆ ಬಂದಳು. ತಾನು ಬೆಳೆಸಿದ ಕೂಸನ್ನು ತಾನೇ ಅಳಿಯನ ಕೈಗೆ ಕೊಡಬೇಕೆಂಬುದು ಆಕೆಯ ಆಸೆ. ಮ್ಯೂನಿಕ್ ವಿಮಾನ ನಿಲ್ದಾಣದ ಬಾಗಿಲಲ್ಲಿ ಹಾಗೆಯೇ ಕೊಟ್ಟಳು. ಸುನಿಲಕುಮಾರ ಮಗಳನ್ನು ಎತ್ತಿಕೊಂಡು, "ಎಷ್ಟ ತಣ್ಣಗ ಅದಾಳಲ್ರಿ ಅತ್ತಿ" ಎಂದ.

"ನಿಮ್ಮ ದೇಶದ ಥಂಡಿ ಹಂಗೈತ್ರಿ" ಎಂದಳು ಮಹಾಂತಮ್ಮ.

ಮನೆ ಮೂರನೇ ಮಹಡಿಯಲ್ಲಿತ್ತು. ಸುನಿಲಕುಮಾರನ ಜೊತೆ ಕೆಲಸ ಮಾಡುವ ಫಾರೂಖ್ ಅದೇ ಬೀದಿಯಲ್ಲಿದ್ದ. ಅವನ ಹೆಂಡತಿ ರುಕಿಯಾ ಬಿಜಾಪುರದವಳು. ಊರ ಕಡೆಯ ಕನ್ನಡ ಕೇಳುವ ಆಸೆಗೆ ಮರುದಿನವೇ ಡಬ್ಬಿಯಲ್ಲಿ ಬಿಸಿ ರೊಟ್ಟಿ ಕಟ್ಟಿಕೊಂಡು, ಮಗ ಝುಹೈಬ್‌ನನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಝುಹೈಬ್ ಹುಟ್ಟಿದ್ದು ಇದೇ ಇಂಗೋಲ್‌ಸ್ಟಾಟ್‌ನಲ್ಲಿ, ಭೂಮಿಕಾಳಿಗಿಂತ ಎರಡು ವಾರಕ್ಕೆ ಚಿಕ್ಕವನು. ಇಳಿಸಿದ್ದೇ ತಡ ಅಂಬೆಗಾಲಿಟ್ಟು ಅಡುಗೆಮನೆಗೆ ಹೋದ, ಪಾತ್ರೆ ಎಳೆದ, ಮಹಾಂತಮ್ಮನ ಸೀರೆ ಹಿಡಿದು ಎದ್ದು ನಿಂತ, ಚೀರಿದ, ನಕ್ಕ, ಭೂಮಿಕಾಳ ಮುಖಕ್ಕೆ ಒಂದು ಬಡಿದ. ಚಾಪೆಯ ಮೇಲೆ ಅಂಗಾತ ಮಲಗಿದ್ದ ಭೂಮಿಕಾ ಏಟು ಬಿದ್ದ ಎಷ್ಟೋ ಹೊತ್ತಿನ ಮೇಲೆ ಮುಖ ಕಿವುಚಿ, ಒಡಕು ದನಿಯಲ್ಲಿ ಒಮ್ಮೆ ಕುಂಯ್ ಎಂದು ಸುಮ್ಮನಾದಳು.

"ಗಂಡ ಹುಡುಗ್ರು ಹಂಗs. ಭಾಳ ಉಡಾಳ" ಎಂದು ಮಹಾಂತಮ್ಮ ನಕ್ಕಳು.

ರುಕಿಯಾ ನಗಲಿಲ್ಲ. ಬಹಳ ಹೊತ್ತು ಭೂಮಿಕಾಳನ್ನು ನೋಡುತ್ತ ಕುಳಿತು, ಹೋಗುವಾಗ ಬಾಗಿಲಲ್ಲಿ ಕೀರ್ತಿಯ ಕೈ ಹಿಡಿದು, ಇಲ್ಲಿ ಒಂದು ವರ್ಷದ ಮಕ್ಕಳಿಗೆಲ್ಲ ತಪಾಸಣೆ ಇರುತ್ತದೆ, ನಮ್ಮ ಡಾಕ್ಟರಮ್ಮ ಬಹಳ ಒಳ್ಳೆಯವರು, ನಾಳೆಗೇ ಹೇಳುತ್ತೇನೆ ಎಂದಳು. ನಾಳೆಗೇ ಯಾಕೆ ಎಂದು ಕೀರ್ತಿ ಕೇಳಲಿಲ್ಲ. ಮಹಾಂತಮ್ಮ ಮಾತ್ರ, ಆ ಹುಡುಗಿಗೆ ಕಣ್ಣು ಸ್ವಲ್ಪ ಬಿರುಸು ಎಂದುಕೊಂಡು ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಲು ಹೋದಳು. ಕರೆಂಟಿನ ಒಲೆಯಲ್ಲಿ ಬೆಂಕಿಯೇ ಇರಲಿಲ್ಲ.

ಡಾಕ್ಟರಮ್ಮ ಎತ್ತರದ, ಮೆಲುಮಾತಿನ ಹೆಂಗಸು. ಸುನಿಲಕುಮಾರನಿಗೆ ಕೆಲಸದಲ್ಲಿ ಬಿಡುವಾಗದೆ ರುಕಿಯಾಳೇ ಜರ್ಮನ್ ಮಾತನ್ನು ಕನ್ನಡಕ್ಕೆ ತರಲು ಬಂದಿದ್ದಳು. ಕೂಸಿನ ಬಟ್ಟೆ ಬಿಚ್ಚಿದರು. ಹೊಕ್ಕುಳ ಉಬ್ಬಿದ್ದ ಕಡೆ ಎಂಟಾಣೆ ನಾಣ್ಯವಿಟ್ಟು ಬಟ್ಟೆ ಕಟ್ಟಿತ್ತು. ಡಾಕ್ಟರಮ್ಮ ಅದನ್ನು ಬಿಚ್ಚಿ ನಾಣ್ಯವನ್ನು ಮೇಜಿನ ಮೇಲಿಟ್ಟರು. ನೆತ್ತಿ ಮುಟ್ಟಿದರು, ನಾಲಿಗೆ ನೋಡಿದರು, ಕೂಸಿನ ಎರಡೂ ಕೈ ಹಿಡಿದು ಮೆಲ್ಲಗೆ ಎತ್ತಿದರು. ತಲೆ ಹಿಂದಕ್ಕೆ ಜೋತುಬಿತ್ತು. ಡಾಕ್ಟರಮ್ಮ ಕೂಸನ್ನು ಮೆಲ್ಲಗೆ ಮಲಗಿಸಿದರು. ಕುರ್ಚಿ ಎಳೆದುಕೊಂಡು ಕುಳಿತು ಒಂದೊಂದಾಗಿ ಕೇಳತೊಡಗಿದರು. ತಾಯಿಯ ಬದಲು ಉತ್ತರ ಕೊಟ್ಟಿದ್ದೆಲ್ಲ ಅಜ್ಜಿ.

"ಹುಟ್ಟಿದಾಗ ಕಾಮಣಿ ಭಾಳ ದಿನಾ ಇತ್ತೇನ್ರಿ ಮೌಶಿ, ಮೈ ಹಳದಿ?"

"ಇತ್ತು. ಎಳಿಬಿಸಲಾಗ ಹಿಡದೆ. ತಡಾ ಆತು, ಖರೆ ಹೋತು."

"ಹಾಲ ಕುಡ್ಯಾಕ ತ್ರಾಸ ಮಾಡತಿತ್ತೇನ್ರಿ?"

"ಚೀಪತಾ ಚೀಪತಾ ಮಲಗಿಬಿಡತಿತ್ತು. ಅಂಗಾಲ ತಿಕ್ಕಿ ಎಬ್ಬಸ್ತಿದ್ದೆ."

"ಹೊಟ್ಟಿ?"

"ದಿನಾ ಆಗತಿದ್ದಿಲ್ಲ. ವೀಳ್ಯದೆಲಿ ದೇಟಿಗೆ ಔಡಲೆಣ್ಣಿ ಹಚ್ಚಿ ಆಡಸ್ತಿದ್ದೆ, ಆಗತಿತ್ತು."

"ಮೈ ತಣ್ಣಗ?"

"ಅದಕ್ಕs ಕುಂಚಿಗಿ ಬಿಚ್ಚೇ ಇಲ್ಲ ನಾನು."

"ನಾಲಗಿ ಹೊರಗ ಇರತಿತ್ತೇನ್ರಿ?"

"ಮೊದಲಿಂದ. ಮುದ್ದ ಕಾಣತಿತ್ತು."

ಡಾಕ್ಟರಮ್ಮ ಏನೋ ಹೇಳಿದರು. ರುಕಿಯಾ ತಲೆ ತಗ್ಗಿಸಿ ಅದನ್ನು ಕನ್ನಡಕ್ಕೆ ತಂದಳು. ಅಜ್ಜಿ ಬಹಳ ಚೆನ್ನಾಗಿ ಗಮನಿಸಿದ್ದಾರೆ, ಒಂದನ್ನೂ ಬಿಟ್ಟಿಲ್ಲ, ಇಷ್ಟು ನೆನಪಿಟ್ಟವರನ್ನು ನಾನು ಕಂಡಿಲ್ಲ ಎಂದರಂತೆ. ಮಹಾಂತಮ್ಮ ಆ ಮಾತಿಗೂ ಹಿಗ್ಗಿದಳು. ಆಕೆ ಹಿಗ್ಗಿದ್ದು ಅದೇ ಕೊನೆ.

ಮುಂದಿನ ಪ್ರಶ್ನೆ, ಹುಟ್ಟಿದ ಮೂರನೇ ದಿನ ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದಿದ್ದರೇ ಎಂಬುದು.

"ಎಳಿಕೂಸಿನ ರಕ್ತ ಯಾಕ ತಗೀತಾರ?" ಮಹಾಂತಮ್ಮ ರೇಗಿದಳು. "ನಮ್ಮ ಕಡೆ ಯಾರೂ ತಗಿಯೂದಿಲ್ಲ. ಏನ್ ಕಟುಕರೇನ ನಾವು?"

ರುಕಿಯಾ ಬಹಳ ಸಣ್ಣ ದನಿಯಲ್ಲಿ, "ನಮ್ಮ ಝುಹೈಬ್‌ದು ತಗದಿದ್ರು, ಮೌಶಿ" ಎಂದಳು. "ಇಲ್ಲೆ ಎಲ್ಲಾ ಕೂಸುಗೋಳ್ದೂ ತಗೀತಾರ. ಒಂದ ಹನಿ. ಯಾಕ ತಗದ್ರು ಅಂತ ನಾ ಕೇಳೂ ಇಲ್ಲ."

ಅಂದು ಕೂಸಿನಿಂದ ತೆಗೆದ ರಕ್ತದ ಫಲಿತಾಂಶ ಬಂದ ದಿನ ಸುನಿಲಕುಮಾರ ರಜೆ ಹಾಕಿ ಬಂದ. ದೊಡ್ಡಾಸ್ಪತ್ರೆಯಲ್ಲಿ ಕೂಸಿನ ಕುತ್ತಿಗೆಯ ಮೇಲೆ ಅಂಟಂಟು ಹಚ್ಚಿ ಯಂತ್ರ ಆಡಿಸಿ ನೋಡಿದರು. ಇರಬೇಕಾದ ಜಾಗದಲ್ಲಿ ಇರಬೇಕಾದದ್ದು ಇರಲಿಲ್ಲ. ಡಾಕ್ಟರಮ್ಮ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಸುನಿಲಕುಮಾರ ನಡುವೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನ ಕೆಲಸವೇ ಅಂಥದು. ಇಂಜಿನ್ ಒಂದು ಕಡೆ ಏನು ಕೇಳುತ್ತದೆ, ಇನ್ನೊಂದು ಕಡೆಯಿಂದ ಏನು ಕೊಡಬೇಕು, ಎಷ್ಟಾದಾಗ ನಿಲ್ಲಿಸಬೇಕು ಎಂಬುದನ್ನು ಬರೆಯುವವನಿಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ಅರ್ಥವಾಗದಿದ್ದರೆ ಆ ಒಂದು ದಿನವಾದರೂ ಅವನು ನೆಮ್ಮದಿಯಿಂದ ಇರುತ್ತಿದ್ದನೇನೋ.

ಮನೆಗೆ ಬಂದ ಮೇಲೆ ಮಹಾಂತಮ್ಮ ಬಿಡಲಿಲ್ಲ. "ಏನಂದ್ರು, ಬಿಡಿಸಿ ಹೇಳ್ರಿ ನನಗ. ನಾ ಏನ ಸಣ್ಣ ಹುಡಿಗಿಯಲ್ಲ."

ಸುನಿಲಕುಮಾರ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಹೇಳಿದ. ಅತ್ತೆಯ ಮುಖ ನೋಡಲಾಗದೆ ಮೇಜನ್ನೇ ನೋಡುತ್ತಿದ್ದ.

"ಮೆದುಳಿನ ಬುಡಕ್ಕ ಕಡ್ಲಿಕಾಳಿನಷ್ಟ ಒಂದ ಗ್ರಂಥಿ ಇರತೈತ್ರಿ ಅತ್ತಿ. ಗಂಟಲದ ಮುಂದ ಇನ್ನೊಂದು, ಥೈರಾಯ್ಡ್ ಅಂತಾರ. ಮ್ಯಾಲಿಂದು ರಕ್ತದಾಗ ಹೇಳಿ ಕಳಸತೈತಿ, ಕೊಡು ಅಂತ. ಕೆಳಗಿಂದು ಹಾರ್ಮೋನು ತಯಾರ ಮಾಡಿ ರಕ್ತಕ್ಕ ಬಿಡತೈತಿ. ಮೈ ಬೆಚ್ಚಗ ಇರೂದು, ಎದಿ ಬಡಕೊಳ್ಳೂದು, ಹೊಟ್ಟಿ ಹೋಗೂದು, ಎಲವು ಬೆಳಿಯೂದು, ಎಲ್ಲಾ ಅದರ ಕೈಯಾಗ. ಸಾಕಾತು ಅಂದ್ರ ಮ್ಯಾಲಿನ ಗ್ರಂಥಿಗೆ ಗೊತ್ತಾಗಿ ಸುಮ್ಮನಾಗತೈತಿ. ನಮ್ಮ ಕೂಸಿಗೆ ಕೆಳಗಿಂದು ಇಲ್ಲ. ಹುಟ್ಟತ ಇಲ್ಲ."

"ಮತ್ತ ಹುಟ್ಟಿದಾಗ ಅಷ್ಟ ಛಂದ ಇತ್ತಲ್ಲ?"

"ಹೊಟ್ಯಾಗ ಇದ್ದಾಗ ಕೀರ್ತಿದು ಸ್ವಲ್ಪ ಅಕಿಗೂ ಹೋಗತಿತ್ತಂತ. ಹುರಿ ಕತ್ತರಿಸಿದ ಮ್ಯಾಲೆ ಅದೂ ಬಂದಾತು. ಆಮ್ಯಾಲೆ ಅಕಿ ಒಬ್ಬಾಕೀನs."

"ಈಗ ಔಷಧ ಐತಂತಲ್ಲ?"

"ಐತ್ರಿ. ದಿನಾ ಮುಂಜಾನೆ ಒಂದ ಸಣ್ಣ ಗುಳಿಗಿ. ಜೀವ ಇರೂತನಕ."

"ಮತ್ತ ಯಾಕ ಹಿಂಗ ಕುಂತೀರಿ ನೀವು? ಗುಳಿಗಿ ಕೊಟ್ರ ಆತಲ್ಲ! ನಾನೇನ ಗಾಬರಿ ಆಗಿದ್ದೆ."

ಸುನಿಲಕುಮಾರ ಆಗ ತಲೆಯೆತ್ತಿದ. "ಮೆದುಳ ಬೆಳಿಯೂದೂ ಅದರ ಮ್ಯಾಲs ಐತ್ರಿ ಅತ್ತಿ. ಮೊದಲಿನ ಒಂದೆರಡ ತಿಂಗಳಂತೂ ಭಾಳ ಮುಖ್ಯ. ಆವಾಗ ಸಿಗಲಿಲ್ಲಂದ್ರ ಆಮ್ಯಾಲೆ ಎಷ್ಟ ಕೊಟ್ರೂ ಹೋದದ್ದು ಹೊಳ್ಳಿ ಬರೂದಿಲ್ಲ. ಇಲ್ಲೆ ಮೂರನೇ ದಿನ ರಕ್ತಾ ನೋಡಿ, ಎರಡನೇ ವಾರದಾಗ ಗುಳಿಗಿ ಚಾಲೂ ಮಾಡ್ತಾರ. ಅಕಿ ತಲಿಯೊಳಗಿನ ಗ್ರಂಥಿ ಹತ್ತ ತಿಂಗಳು ಕೊಡು ಕೊಡು ಅಂತ ಒದರೇತ್ರಿ. ರಕ್ತಾ ನೋಡಿದ್ರ ಗೊತ್ತಾಗತೈತಂತ, ಎಷ್ಟ ಜೋರ ಒದರೇತಿ ಅಂತ."

ಒಳಗೆ ಹತ್ತು ತಿಂಗಳು ಒದರುತ್ತಿದ್ದ ಕೂಸನ್ನು ಮಹಾಂತಮ್ಮ ಹೊರಗಿನಿಂದ ತೂಗಿ, ಮುತ್ತಿಟ್ಟು, ಓಣಿಯವರಿಗೆಲ್ಲ ತೋರಿಸಿ, ಎಷ್ಟು ಶಾಂತ ನೋಡಿ ಎಂದು ಮೆರೆದಿದ್ದಳು. ಮೈ ತಣ್ಣಗಿದ್ದರೆ ಹೊದಿಸಿದಳು, ಹೊಟ್ಟೆ ಕಟ್ಟಿದರೆ ಎಣ್ಣೆ ಹಚ್ಚಿದಳು, ಹೊಕ್ಕುಳ ಉಬ್ಬಿದರೆ ನಾಣ್ಯ ಕಟ್ಟಿದಳು. ಕೂಸಿನ ದೇಹ ಒಂದೊಂದು ಬಾಗಿಲಿಗೂ ಬಂದು ಬಡಿದಿತ್ತು, ಆಕೆ ಒಂದೊಂದನ್ನೂ ಕೈಯಾರೆ ಮುಚ್ಚಿದ್ದಳು. ದಡ್ಡಿಯ ಕೈಯಲ್ಲಿ ಬೆಳೆದಿದ್ದರೆ ಆ ದಡ್ಡಿ ಹೆದರಿ ಡಾಕ್ಟರ ಬಳಿಗಾದರೂ ಓಡುತ್ತಿದ್ದಳು. ಜಾಣೆಯ ಕೈಯಲ್ಲಿ ಬೆಳೆದದ್ದೇ ಆ ಕೂಸಿನ ಗತಿಯಾಯಿತು.

ಗುಳಿಗೆ ಶುರುವಾಯಿತು. ಕೀರ್ತಿ ಬೆಳಿಗ್ಗೆ ಎದ್ದು ಅದನ್ನು ಚಮಚದಲ್ಲಿ ಪುಡಿಮಾಡಿ, ಎರಡು ಹನಿ ನೀರು ಹಾಕಿ, ತಾನೇ ಕುಡಿಸುತ್ತಿದ್ದಳು. ಸ್ನಾನವನ್ನೂ ತಾನೇ ಮಾಡಿಸತೊಡಗಿದಳು. ಮೊದಲ ದಿನ ಮಹಾಂತಮ್ಮ ರೂಢಿಯಂತೆ ಸೀರೆ ಎತ್ತಿ ಕಟ್ಟಿಕೊಂಡು ಬಚ್ಚಲಿಗೆ ಹೋದಾಗ ಮಗಳು, "ಬ್ಯಾಡ ಬಿಡವ್ವಾ, ನಾ ಮಾಡತೀನಿ" ಎಂದು ಬಾಗಿಲು ಹಾಕಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ. ಒಳಗೆ ನೀರು ಸುರಿಯುವ ಸದ್ದು ಕೇಳುತ್ತ ಮಹಾಂತಮ್ಮ ಹೊರಗೆ ನಿಂತಿದ್ದಳು. ಜಗತ್ತಿನಲ್ಲಿ ಆಕೆಗೆ ಚೆನ್ನಾಗಿ ಬರುತ್ತಿದ್ದುದು ಅದೊಂದೇ ಕೆಲಸ.

ಕೂಸು ಬದಲಾಗುತ್ತ ಬಂತು. ಮೈ ಬೆಚ್ಚಗಾಯಿತು. ಮುಖದ ಬಾವು ಇಳಿಯಿತು, ನಾಲಿಗೆ ಒಳಗೆ ಹೋಯಿತು. ಮಹಾಂತಮ್ಮ ದುಂಡಗಿದೆ ಎಂದು ಹಿಗ್ಗಿದ್ದ ಕೆನ್ನೆಗಳ ಒಳಗಿನಿಂದ ಕೀರ್ತಿಯದೇ ಪಡಿಯಚ್ಚಿನಂಥ ಸಣ್ಣ ಮುಖವೊಂದು ಹೊರಬಂತು. ಮತ್ತೆ ಅದು ಅಳತೊಡಗಿತು. ಹಸಿದರೆ ಅಳು, ಒದ್ದೆಯಾದರೆ ಅಳು, ಅವ್ವ ಕೋಣೆ ಬಿಟ್ಟರೆ ಅಳು. ಜರ್ಮನಿಯಲ್ಲಿ ಮಧ್ಯಾಹ್ನದ ಹೊತ್ತು ಗದ್ದಲ ಮಾಡಬಾರದೆಂಬ ಕಟ್ಟಳೆ. ಕೆಳಗಿನ ಮನೆಯ ಮುದುಕಿ ಮೇಲೆ ಬಂದು ಬಾಗಿಲು ತಟ್ಟಿದಳು. ಕೀರ್ತಿ ಅಳುವ ಕೂಸನ್ನು ಎತ್ತಿಕೊಂಡೇ ಹೋಗಿ, ತನ್ನ ಹರಕು ಜರ್ಮನ್ನಿನಲ್ಲಿ, ಅಳಲಿ, ಅವಳು ಅಳಬೇಕು ಎಂದು ಹೇಳಿ ಬಾಗಿಲು ಮುಚ್ಚಿದಳು. ಬಾಗಿಲಿಗೆ ಬೆನ್ನು ಕೊಟ್ಟು ತಾನೂ ಅತ್ತಳು.

ಊರಿಂದ ನಿಜಲಿಂಗಪ್ಪ ಫೋನ್ ಮಾಡುತ್ತಿದ್ದರು. ಮಾವನೂ ಸೇರಿ ಊರಲ್ಲಿ ಯಾರಿಗೂ ಹೇಳಬೇಡಿ ಎಂದು ಸುನಿಲಕುಮಾರ ಅತ್ತೆಗೆ ಮೊದಲೇ ಕೈ ಮುಗಿದು ಕೇಳಿಕೊಂಡಿದ್ದ.

"ಏನಂತಾಳ ನಮ್ಮ ಬಂಗಾರ?"

"ಅಳತಾಳ."

"ಅಯ್ಯ ಶಿವನ! ಇಲ್ಲೆ ಒಂದ ದಿನಾ ಅತ್ತಿದ್ದಿಲ್ಲ. ಅಲ್ಲೀ ನೀರ ಒಗ್ಗವಲ್ದೇನ ಕೂಸಿಗೆ? ಲಗೂನ ಕರಕೊಂಡ ಬಾ ಇಲ್ಲಿಗೆ, ನಿನ್ನ ಕೈಯಾಗ ಮತ್ತ ಸುಮ್ಮನಾಗತಾಳ."

ಮಹಾಂತಮ್ಮ ಫೋನು ಇಟ್ಟುಬಿಟ್ಟಳು.

ಆಕೆಗೆ ಬೇಕಾಗಿದ್ದುದು ಬೈಗುಳ. ಯಾರಾದರೂ ಬೈದರೆ ತಾನೂ ನಾಲ್ಕು ಮಾತು ಆಡಬಹುದು, ಆಣೆ ಮಾಡಬಹುದು, ಎದೆ ಬಡಿದುಕೊಂಡು ಅಳಬಹುದು. ಈ ಮನೆಯಲ್ಲಿ ಯಾರೂ ಬೈಯಲಿಲ್ಲ. ಅಳಿಯ ಎಂದಿನಂತೆ ಊಟಕ್ಕೆ ಏಳ್ರಿ ಎನ್ನುತ್ತಿದ್ದ, ಮಗಳು ಎಂದಿನಂತೆ ಚಹಾ ಕೊಡುತ್ತಿದ್ದಳು. ಹೊರಗೆ ಹಿಮ ಬೀಳುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾಗದೆ ಮಗಳ ತೋಳು ಹಿಡಿದು ಅಲುಗಾಡಿಸಿದಳು.

"ಬೈಯಿ ನನ್ನ. ಹೊಡಿ ಬೇಕಂದ್ರ. ಹಿಂಗ ಸುಮ್ಮ ಇರಬ್ಯಾಡ ನೀ."

ಕೀರ್ತಿ ಕೂಸಿನ ಅಂಗಿ ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸದೆ ಹೇಳಿದಳು.

"ಬೈದ್ರ ಏನ ಬರತೈತೆವ್ವಾ? ಏಳ ತಿಂಗಳಾದ್ರೂ ಕುಂದರವಲ್ದು ಅಂದೆ. ದಪ್ಪ ಕೂಸು ತಡಾ ಮಾಡ್ತಾವ ಅಂತ ನಕ್ಕಿ ನೀ. ನಾನೂ ನಕ್ಕೆ. ಇವರಿಗೆ ಫೋನ್ ಮಾಡಿದ್ರ, ನಿಮ್ಮವ್ವಗ ಗೊತ್ತಿರತೈತಿ ಬಿಡು ಅಂದ್ರು. ಎಲ್ಲಾರೂ ನಿನ್ನ ನಂಬಿದ್ವಿ. ನಿನಗೆ ಬೈದ್ರ ನನಗೂ ಬೈಕೋಬೇಕು, ಇವರಿಗೂ ಬೈಬೇಕು. ಆಮ್ಯಾಲೆ ಈ ಕೂಸಿನ್ನ ನೋಡವ್ರ ಯಾರು?"

ಬೈಗುಳವಾಗಿದ್ದರೆ ಮಹಾಂತಮ್ಮ ತಡೆದುಕೊಳ್ಳುತ್ತಿದ್ದಳು. ನಂಬಿದ್ದೆವು ಎಂಬ ಮಾತನ್ನು ತಡೆಯಲಾಗಲಿಲ್ಲ. ಅಂದಿನಿಂದ ಆಕೆ ಕೂಸನ್ನು ಎತ್ತುವುದನ್ನೇ ಬಿಟ್ಟಳು. ಯಾರೂ ಬೇಡ ಎಂದಿರಲಿಲ್ಲ. ಕೈಗಳ ಮೇಲೆ ಆಕೆಗೇ ನಂಬಿಕೆ ಹೋಗಿತ್ತು. ಒಂದೇ ಒಂದು ಆಸೆಗೆ ಜೋತುಬಿದ್ದಿದ್ದಳು. ಕೂಸು ಇಷ್ಟು ಬದಲಾಯಿತಲ್ಲ, ಅತ್ತಿತಲ್ಲ, ಒರಗು ಕೊಟ್ಟರೆ ಈಗ ಕುಳಿತುಕೊಳ್ಳುತ್ತದಲ್ಲ, ಹಾಗೆಯೇ ತಲೆಯೂ ಸರಿಹೋಗಬಹುದು. ಡಾಕ್ಟರಮ್ಮ ಹೆದರಿಸಿರಬಹುದು. ಡಾಕ್ಟರುಗಳು ಹೆದರಿಸುವುದು ಇದ್ದದ್ದೇ. ಬೆಳಿಗ್ಗೆ ಇಷ್ಟಲಿಂಗ ಅಂಗೈಯಲ್ಲಿಟ್ಟುಕೊಂಡು ಕುಳಿತಾಗ ಆಕೆ ಕೇಳುತ್ತಿದ್ದುದು ಅದೊಂದನ್ನೇ. ನನ್ನ ಕಣ್ಣು ತಗೋ, ಕೈ ತಗೋ, ಆ ಕೂಸಿನ ಬುದ್ಧಿ ಕೊಡು.

ಆಕೆ ಊರಿಗೆ ಹೊರಡುವ ವಾರ, ಮಕ್ಕಳ ಬೆಳವಣಿಗೆ ನೋಡುವ ಕೇಂದ್ರದಿಂದ ಕರೆ ಬಂತು. ಸುನಿಲಕುಮಾರ ಮತ್ತೆ ರಜೆ ಕೇಳಲು ಹಿಂಜರಿದ. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಕೂಸಿನ ಚಿಕಿತ್ಸೆ ಹೋಗುತ್ತದೆ. ಹೀಗಾಗಿ ಕೀರ್ತಿ, ಮಹಾಂತಮ್ಮ, ರುಕಿಯಾ ಮೂವರೇ ಕೂಸನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದರು. ಝುಹೈಬ್‌ನನ್ನು ರುಕಿಯಾ ನೆರೆಯವರ ಬಳಿ ಬಿಟ್ಟು ಬಂದಿದ್ದಳು. ಬೇಕೆಂದೇ ಬಿಟ್ಟು ಬಂದಿದ್ದಳು, ಪುಣ್ಯಾತ್ಗಿತ್ತಿ.

ಅಲ್ಲಿ ತಿಳಿನೀಲಿ ಗೋಡೆಯ ಕೋಣೆ, ನೆಲದ ಮೇಲೆ ದಪ್ಪ ಚಾಪೆ. ಪರೀಕ್ಷೆ ಮಾಡುವ ಹೆಂಗಸು ಚಾಪೆಯ ಮೇಲೆ ಕುಳಿತು ಗಂಟೆ ಬಾರಿಸಿದಳು. ಭೂಮಿಕಾ ತಿರುಗಿ ನೋಡಿದಳು. ಮಹಾಂತಮ್ಮನಿಗೆ ಜೀವ ಬಂದಂತಾಯಿತು. ಆ ಹೆಂಗಸು ಕೆಂಪು ಬಾತುಕೋಳಿಯ ಗೊಂಬೆ ತೋರಿಸಿದಳು. ಕೂಸು ನೋಡಿ ಕೈ ಚಾಚಿತು. ಅದರ ಕಣ್ಣೆದುರಿಗೇ ಗೊಂಬೆಯ ಮೇಲೆ ಒಂದು ಬಟ್ಟೆ ಮುಚ್ಚಿದಳು. ಕೂಸು ಕೈ ಇಳಿಸಿತು. ಬಟ್ಟೆಯನ್ನು ನೋಡಲಿಲ್ಲ, ಹುಡುಕಲಿಲ್ಲ. ಗೊಂಬೆ ಇತ್ತೆಂಬುದೇ ಅದರ ಪಾಲಿಗೆ ಮುಗಿದುಹೋಗಿತ್ತು. ಮತ್ತೆ ತೋರಿಸಿದಳು, ಮತ್ತೆ ಮುಚ್ಚಿದಳು. "ಬಟ್ಟಿ ಕೆಳಗ ಐತಿ, ತಗಿಯವ್ವಾ, ತಗಿ ನಮ್ಮವ್ವ" ಎಂದು ಮಹಾಂತಮ್ಮ ಪಿಸುಗುಟ್ಟಿದಳು. ರುಕಿಯಾ ಆಕೆಯ ಮೊಣಕೈ ಹಿಡಿದುಕೊಂಡಳು. ಭೂಮಿಕಾ ತನ್ನ ಬೆರಳನ್ನು ಬಾಯಿಗಿಟ್ಟುಕೊಂಡು ಗೋಡೆ ನೋಡುತ್ತಿದ್ದಳು.

ಆಮೇಲೆ ಒಳಗಿನಿಂದ ಡಾಕ್ಟರೊಬ್ಬರು ಬಂದರು. ರಕ್ತದ ಲೆಕ್ಕವೆಲ್ಲ ಈಗ ಸರಿಯಿದೆ, ಔಷಧವನ್ನು ಬಹಳ ಚೆನ್ನಾಗಿ ಕೊಡುತ್ತಿದ್ದೀರಿ ಎಂದರು. ನಡೆಯುತ್ತಾಳೆ, ತಡವಾಗಿ ನಡೆಯುತ್ತಾಳೆ. ಕೆಲವು ಮಾತು ಆಡಬಹುದು. ಎಲ್ಲ ಮಕ್ಕಳು ಹೋಗುವ ಶಾಲೆಯ ಆಸೆ ಇಟ್ಟುಕೊಳ್ಳಬೇಡಿ. ರುಕಿಯಾ ಒಂದೊಂದನ್ನೇ ಕನ್ನಡಕ್ಕೆ ತಂದು ಹೇಳಿದಳು. ಕೀರ್ತಿ ಅಲುಗಾಡದೆ ಕೇಳಿದಳು. ಎಲ್ಲ ಮುಗಿದ ಮೇಲೆ ಆಕೆ ರುಕಿಯಾಳನ್ನು ಕೈಯಿಂದ ತಡೆದು, ತನಗೆ ಬರುವ ನಾಲ್ಕು ಜರ್ಮನ್ ಮಾತುಗಳಲ್ಲಿ ತಾನೇ ಏನೋ ಕೇಳಿದಳು. ಡಾಕ್ಟರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಒಂದೇ ವಾಕ್ಯ ಹೇಳಿದರು. ಕೀರ್ತಿ ತಲೆಯಾಡಿಸಿ ಕೂಸಿಗೆ ಅಂಗಿ ತೊಡಿಸಲು ಬಗ್ಗಿದಳು.

ಹೊರಗಿನ ಪಡಸಾಲೆಗೆ ಬಂದೊಡನೆ ಮಹಾಂತಮ್ಮ ರುಕಿಯಾಳನ್ನು ಪಕ್ಕಕ್ಕೆ ಎಳೆದಳು.

"ಅಕಿ ಏನ ಕೇಳಿದ್ಲು? ಅಂವ ಏನಂದ?"

"ಬಿಡ್ರಿ ಮೌಶಿ."

"ನಿನ್ನ ಮಗನ ಮ್ಯಾಲೆ ಆಣಿ ಐತಿ, ಹೇಳು."

ರುಕಿಯಾಳ ಕಣ್ಣು ತುಂಬಿದವು. "ಇಲ್ಲೇ ಹಡದಿದ್ರ ಹೆಂಗ ಇರ್ತಿದ್ಲು ಅಂತ ಕೇಳಿದ್ಲ್ರಿ. ಉಳದ ಮಕ್ಕಳಂಗ ಇರ್ತಿದ್ಲು ಅಂದ್ರು." ಮತ್ತೆ ಹೇಳಿದಳು, "ಝುಹೈಬ್‌ನಂಗ."

ಮಹಾಂತಮ್ಮ ಗೋಡೆಗೆ ಒರಗಿ ನಿಂತಳು. ಎದುರಿಗೆ ಬೆಂಚಿನ ಮೇಲೆ ಕೀರ್ತಿ ಕೂಸಿಗೆ ದಪ್ಪ ಚಳಿಯಂಗಿ ಹಾಕಿ, ಜಿಪ್ ಎಳೆದು, ಟೊಪ್ಪಿಗೆ ಕಟ್ಟಿ, ಎತ್ತಿಕೊಂಡು ಎದ್ದಳು. ಮೂವರೂ ಬಾಗಿಲ ಕಡೆ ಹೆಜ್ಜೆ ಹಾಕಿದರು. ಆಗ ಅವ್ವನ ಹೆಗಲ ಮೇಲಿಂದ 'ಆ' ಎಂಬ ಸದ್ದು ಬಂತು.

ಭೂಮಿಕಾ ಎರಡೂ ತೋಳು ಚಾಚಿದ್ದಳು. ಹುಟ್ಟಿದಂದಿನಿಂದ ಆ ಕೂಸು ಯಾರನ್ನೂ ಹಾಗೆ ಕರೆದಿರಲಿಲ್ಲ. ಅವ್ವನನ್ನೂ ಇಲ್ಲ, ಅಪ್ಪನನ್ನೂ ಇಲ್ಲ. ಹಿಂದೆ ಬರುತ್ತಿದ್ದ ಮಹಾಂತಮ್ಮನ ಮುಖ ನೋಡಿ, ದಪ್ಪಂಗಿಯೊಳಗಿನ ತೋಳುಗಳನ್ನು ಕಷ್ಟಪಟ್ಟು ಎತ್ತಿ, ಬೆರಳು ಮಡಚಿ ಬಿಚ್ಚಿ ಮಾಡುತ್ತ, ಎತ್ತಿಕೋ ಎಂದು ಕರೆಯುತ್ತಿದ್ದಳು. ಮುಖದ ತುಂಬ ನಗು.

ಕೀರ್ತಿ ನಿಂತು ತಿರುಗಿದಳು. ಮಗಳ ತೋಳುಗಳನ್ನು ನೋಡಿದಳು, ಅವು ಚಾಚಿದ್ದ ಕಡೆಗೂ ನೋಡಿದಳು.

"ತಗೋ ಅವ್ವಾ" ಎಂದಳು. "ನಿನ್ನ ಗುರುತ ಹಿಡದಾಳ."

ಮಹಾಂತಮ್ಮನ ಕೈ ಮೇಲೇಳಲಿಲ್ಲ. ಹೋದ ಬುದ್ಧಿಯಲ್ಲಿ ಇಷ್ಟು ಉಳಿದಿದೆಯೆಂದರೆ, ಅದೂ ತನ್ನನ್ನು ಗುರುತಿಸುವುದಕ್ಕೇ ಉಳಿಯಬೇಕಿತ್ತೇ ಶಿವನೇ ಎನಿಸಿತು ಆಕೆಗೆ. ಇಷ್ಟನ್ನೂ ಅವನು ಸುಟ್ಟುಬಿಟ್ಟಿದ್ದರೆ ಚೆನ್ನಾಗಿತ್ತು ಎನಿಸಿತು. ಕೂಸು 'ಆ', 'ಆ' ಎಂದು ಮೈಯೆಲ್ಲ ಮುಂದಕ್ಕೆ ತುಯ್ಯುತ್ತಿತ್ತು, ಕೀರ್ತಿ ಅದನ್ನು ಹಾಗೆಯೇ ಹಿಡಿದು ಕಾಯುತ್ತಿದ್ದಳು. ಕಡೆಗೆ ಮಹಾಂತಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡು ಆ ಪಡಸಾಲೆಯ ನೆಲದ ಮೇಲೆ ಕುಳಿತುಬಿಟ್ಟಳು. ಸೆರಗಿನಾಚೆಯಿಂದ ಕೂಸು ಕರೆಯುವುದು ಕೇಳುತ್ತಲೇ ಇತ್ತು.